ಸೋಲಾರ್ ಗ್ರಾಫಿನ ಆಯತ ಲೆಕ್ಕ ಮೀಟರಿಗಿಂತ ಹೆಚ್ಚು ಬರ್ತಿದೆ (ಪುಣೆ, ಮಳೆಗಾಲ)

ಬಾಣೇರ್_ತಾರಸಿ: ತಲೆ ಕೆಟ್ಟುಹೋಗಿದೆ. ಪ್ಯಾನಲ್ 3 ಕಿಲೋವ್ಯಾಟ್. ಇನ್ವರ್ಟರ್ ಲಾಗಿನ (ಯಾವಾಗ ಎಷ್ಟು ಕಿಲೋವ್ಯಾಟ್ ಅನ್ನೋ ಪಟ್ಟಿ) ಪ್ರತಿ ಸಾಲಿಗೂ ಒಂದು ಆಯತ ಮಾಡಿ (ಎತ್ತರ ಕಿಲೋವ್ಯಾಟ್, ಅಗಲ ಗಂಟೆ) ಕೂಡಿಸಿದರೆ ನಿನ್ನೆ 13.1 ಯೂನಿಟ್. ಮೀಟರ್ 9.4 ಅನ್ನುತ್ತೆ. ಒಳ್ಳೆ ಬಿಸಿಲಿದ್ದ ದಿನ ಎರಡೂ ಹೊಂದುತ್ತೆ, ಮೋಡ ಬಂದರೆ ಈ ಗತಿ. ಮೀಟರ್ ಕೆಟ್ಟಿದೆಯಾ?

ಮಧ್ಯಬಿಂದು: ಆಯತದ ಎತ್ತರ ಎಡ ತುದಿಯದ್ದಾ? ಮಧ್ಯಾಹ್ನದ ಮೇಲೆ ಗ್ರಾಫ್ ಇಳಿಯುತ್ತೆ, ಎಡ ತುದಿ ಹಿಡಿದರೆ ಹೆಚ್ಚೇ ಬರೋದು. ಮಧ್ಯಬಿಂದು ಹಿಡಿಯಿರಿ.

ಪಿಂಪ್ರಿ_ಧಾರವಾಡ: ಮುಂಜಾನೆ ಏರೂವಾಗ ಕಡಿಮಿನೂ ಬರ್ತದಲ್ಲರೀ. ಅಗಲ ಸಮ ಇದ್ರ ಎಡ ತುದಿ ಹಿಡದ ಮೊತ್ತ, ಬಲ ತುದಿ ಹಿಡದ ಮೊತ್ತದ ಫರಕು = ಅಗಲ × (ಮೊದಲಿನ ಎತ್ತರ − ಕಡೀ ಎತ್ತರ). ಸೂರ್ಯ ಹುಟ್ಟೂ ಮುಂಚೆ ಸೊನ್ನಿ, ಮುಳುಗಿದ ಮ್ಯಾಲೂ ಸೊನ್ನಿ. ಫರಕು ಎಲ್ಲಿಂದ ಬರಬೇಕು? ಟೈಮ್ ಕಾಲಂ ಹಾಕ್ರಿ.

ಮಧ್ಯಬಿಂದು: ಮೋಡದ ಗ್ರಾಫ್ ಹಲ್ಲುಹಲ್ಲಾಗಿರುತ್ತೆ, ನಿಮ್ಮ ಸೂತ್ರ ಪುಸ್ತಕಕ್ಕೆ ಸರಿ. ಸಿಂಪ್ಸನ್ ಸೂತ್ರ (ಆಯತದ ಬದಲು ಬಾಗಿದ ಗೆರೆ ಕೂರಿಸಿ ಅಳೆಯೋದು) ಹಾಕಿ ನೋಡಲಿ.

ಬಾಣೇರ್_ತಾರಸಿ: ಅಗಲ 0.25 ಗಂಟೆ, 15 ನಿಮಿಷಕ್ಕೊಂದು ಸಾಲು, ಇದು ಎಲ್ಲರಿಗೂ ಗೊತ್ತಿರೋದೇ ಅಲ್ವಾ. ತಗೊಳ್ಳಿ:
11:00 – 2.1
11:15 – 2.2
11:20 – 1.0
11:25 – 1.9
11:40 – 2.0

ಪಿಂಪ್ರಿ_ಧಾರವಾಡ: ಸಿಕ್ತು. ನಿಮ್ಮ ಲಾಗರ್ ಪವರ್ ಜೋರಾಗಿ ಬದಲಾದಾಗ ನಡುವ ಹೆಚ್ಚಿಗಿ ಸಾಲು ಬರೀತದ. ನೀವು ಎಲ್ಲಾದಕ್ಕೂ 0.25 ಗುಣಿಸೀರಿ. ನಾಕು ಆಯತಕ್ಕ 1.80 ಯೂನಿಟ್ ಆತು, ಅಂದ್ರ ಒಂದು ತಾಸಿನ ಅಗಲ. ಗಡಿಯಾರದಾಗ ಹೋಗಿದ್ದು 40 ನಿಮಿಷ! ಇಡೀ 40 ನಿಮಿಷ 2.2 ಇದ್ರೂ 1.47 ದಾಟಂಗಿಲ್ಲ. ಖರೇ ಅಗಲ 15, 5, 5, 15 ನಿಮಿಷ, ಮೊತ್ತ 1.27. ಎಕ್ಸೆಲ್‌ನಾಗ ಎ ಟೈಮ್, ಬಿ ಕಿಲೋವ್ಯಾಟ್ ಇದ್ರ:
=(ಎ3-ಎ2)*24*ಬಿ2
24 ಬಿಡಬ್ಯಾಡ್ರಿ, ಎಕ್ಸೆಲ್‌ಗ ಒಂದು ದಿನ ಅಂದ್ರ 1. ಎ ಕಾಲಂ ಟೆಕ್ಸ್ಟ್ ಆಗಿ ಕುಂತಿದ್ರ ಮೊದಲು ಟೈಮ್ ಫಾರ್ಮ್ಯಾಟಿಗೆ ತರ್ರಿ. ಸಿಂಪ್ಸನ್ ಸಾದಾ ಸೂತ್ರಕ್ಕ ಅಗಲ ಸಮ ಇರಬೇಕು, ಇಲ್ಲಿ ನಡೆಯಂಗಿಲ್ಲ.

ಮಧ್ಯಬಿಂದು: ಹಾಗಾದ್ರೆ ಬಿ2 ಬದಲು (ಬಿ2+ಬಿ3)/2 ಹಾಕಲಿ. ಅಗಲ ಏರುಪೇರಾದಾಗ ಎಡ-ಬಲ ಒಂದೇ ಅನ್ನೋ ನಿಮ್ಮ ಮಾತೂ ನಿಲ್ಲಲ್ಲ.

ಪಿಂಪ್ರಿ_ಧಾರವಾಡ: ಹಾಕ್ಲಿ, 1.28 ಬರ್ತದ. ಅಗಲದ ತಪ್ಪಿನ ಮುಂದ ಅದು ಏನೂ ಅಲ್ಲ.

ಕೋಥ್ರೂಡ್_5ಕೆ: ನಮ್ಮದು 5 ಕಿಲೋವ್ಯಾಟ್, ದಕ್ಷಿಣಕ್ಕೆ 18 ಡಿಗ್ರಿ ಓರೆ, ನಿಮಿಷಕ್ಕೊಂದು ರೀಡಿಂಗ್. ಆಯತ ಎಷ್ಟು ಸಣ್ಣದೋ ಅಷ್ಟು ನೆಮ್ಮದಿ. ಪ್ಯಾನಲ್ ಓರೆ ಎಷ್ಟು ಇಟ್ಟಿದ್ದೀರಿ?

ಬಾಣೇರ್_ತಾರಸಿ: 9.7 ಬಂತು! ಆದರೆ 13:10ರ ನಂತರ ನೇರ 14:50, ನಡುವೆ ವೈಫೈ ಇರಲಿಲ್ಲ. ಅಲ್ಲಿ 100 ನಿಮಿಷದ ಒಂದೇ ಆಯತ ಕೂತಿದೆ. ಅದನ್ನ ಏನು ಮಾಡಲಿ?

ಕೋಥ್ರೂಡ್_5ಕೆ: ಓರೆ ಹೇಳಲಿಲ್ಲ.