ತೆರಿಗೆ ಜಿಡಿಪಿಯ ಶೇ 1ರಷ್ಟು ಏರಿದರೆ ಜಿಡಿಪಿ ಶೇ 3ರಷ್ಟು ಇಳಿಯುತ್ತದಾ? ರೋಮರ್ ದಂಪತಿಯ ಲೆಕ್ಕದ ಬಗ್ಗೆ

ಸಹನಾ_ಎಂಎ:
ಸೆಮಿನಾರಿಗೆ ಅಮೆರಿಕದ ಅರ್ಥಶಾಸ್ತ್ರಜ್ಞ ದಂಪತಿ ಕ್ರಿಸ್ಟಿನಾ ರೋಮರ್ ಮತ್ತು ಡೇವಿಡ್ ರೋಮರ್ ಅವರ 2010ರ ಪ್ರಬಂಧ ಆರಿಸಿಕೊಂಡಿದ್ದೇನೆ. ಅಮೆರಿಕದಲ್ಲಿ ಜಿಡಿಪಿಯ ಶೇ 1ರಷ್ಟು ತೆರಿಗೆ ಏರಿಸಿದರೆ ಜಿಡಿಪಿ ಸುಮಾರು ಶೇ 3ರಷ್ಟು ಕುಗ್ಗುತ್ತದೆ ಅಂತ ಅವರು ಹೇಳುತ್ತಾರೆ. ಬೇರೆಯವರ ಲೆಕ್ಕದಲ್ಲಿ ಇಷ್ಟು ದೊಡ್ಡ ಸಂಖ್ಯೆ ಯಾಕೆ ಬರುವುದಿಲ್ಲ? ಇನ್ನೊಂದು ಗೊಂದಲ: ಇದೇ ಕ್ರಿಸ್ಟಿನಾ ರೋಮರ್ 2009ರಲ್ಲಿ ಒಬಾಮಾ ಅವರ ಆರ್ಥಿಕ ಸಲಹೆಗಾರರ ಮಂಡಳಿಯ ಅಧ್ಯಕ್ಷೆ. ಆಗ ಅರ್ಥಶಾಸ್ತ್ರಜ್ಞ ಜೇರೆಡ್ ಬರ್ನ್‌ಸ್ಟೀನ್ ಜೊತೆ ಬರೆದ ವರದಿಯಲ್ಲಿ ಸರ್ಕಾರಿ ಖರ್ಚಿನ ಗುಣಕ (ಒಂದು ಡಾಲರ್ ಖರ್ಚಿಗೆ ಜಿಡಿಪಿ ಎಷ್ಟು ಡಾಲರ್ ಏರುತ್ತದೆ ಅನ್ನುವ ಲೆಕ್ಕ) ಸುಮಾರು 1.6, ತೆರಿಗೆ ಕಡಿತದ್ದು ಸುಮಾರು 1 ಅಂತ ಇದೆ. ಎರಡೂ ಒಂದಕ್ಕೊಂದು ಹೊಂದುವುದಿಲ್ಲ ಅಲ್ವಾ?

ಅಂಕಿಅಂಶ_ಪ್ರಿಯ:
ಅವರು ಎಲ್ಲ ತೆರಿಗೆ ಬದಲಾವಣೆಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಆರಿಸಿದ ಕೆಲವನ್ನು ಮಾತ್ರ ತೆಗೆದುಕೊಂಡಿದ್ದಾರೆ. ಅದಕ್ಕೇ ಸಂಖ್ಯೆ ದೊಡ್ಡದು. ಏನೇ ಆಗಲಿ, ತೆರಿಗೆ ಇಳಿಸಿದರೆ ದೇಶ ಬೆಳೆಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಆಧಾರ ಬೇಕಾ?

ತೆರಿಗೆ_ಕಡತ:
ಮೇಲಿನ ಉತ್ತರದ ಮೊದಲ ಭಾಗ ಸರಿ. ಕೊನೆಯ ಸಾಲು ಮಾತ್ರ ಒಪ್ಪಲಾರೆ. ನಾನು ದಾವಣಗೆರೆಯಲ್ಲಿ ತೆರಿಗೆ ಸಲಹೆಗಾರ. ಪ್ರತಿ ಫೆಬ್ರವರಿಯಲ್ಲಿ ಹಣಕಾಸು ಮಸೂದೆಯ ಜೊತೆ ಬರುವ ವಿವರಣಾ ಪತ್ರವನ್ನು ಮೊದಲಿಂದ ಕೊನೆವರೆಗೆ ಓದುತ್ತೇನೆ. ಯಾವ ದರ ಎಷ್ಟಾಯಿತು ಅನ್ನುವುದಷ್ಟೇ ಅಲ್ಲ, ಯಾಕೆ ಬದಲಾಯಿತು ಅಂತಲೂ ಅದರಲ್ಲಿ ಇರುತ್ತದೆ. ಈ ದಂಪತಿಯ ಪ್ರಬಂಧ ನನಗೆ ಹಿಡಿಸಿದ್ದು ಅದೇ 'ಯಾಕೆ'ಗಾಗಿ.

ಜ್ವರದ ಮಾತ್ರೆ ನುಂಗಿದವರನ್ನೂ ನುಂಗದವರನ್ನೂ ಸುಮ್ನೆ ಹೋಲಿಸಿ ನೋಡಿ. ನುಂಗಿದವರ ಮೈಯೇ ಜಾಸ್ತಿ ಬಿಸಿ ಇರುತ್ತದೆ. ಹಾಗಂತ ಮಾತ್ರೆಯಿಂದ ಜ್ವರ ಬಂತು ಅನ್ನೋಕಾಗುತ್ತಾ? ತೆರಿಗೆಯಲ್ಲೂ ಇದೇ ತೊಡಕು. ಆರ್ಥಿಕತೆ ಕುಸಿಯುತ್ತಿದೆ ಅಂತ ತೆರಿಗೆ ಇಳಿಸುತ್ತಾರೆ, ಆಮೇಲೂ ಕುಸಿತ ನಿಲ್ಲುವುದಿಲ್ಲ. ಅಂಥವನ್ನೆಲ್ಲ ಸೇರಿಸಿ ಲೆಕ್ಕ ಹಾಕಿದರೆ ತೆರಿಗೆಗೆ ಬಲವೇ ಇಲ್ಲ ಅನ್ನಿಸುತ್ತದೆ. ಬೇರೆಯವರ ಸಂಖ್ಯೆ ಚಿಕ್ಕದಾಗಲು ಇದು ದೊಡ್ಡ ಕಾರಣ.

ಅದಕ್ಕೆ ಇವರು ಕಡತಗಳನ್ನು ಓದಲು ಕೂತರು. ಎರಡನೇ ಮಹಾಯುದ್ಧದ ನಂತರದಿಂದ 2007ರವರೆಗೆ ಅಧ್ಯಕ್ಷರ ಭಾಷಣಗಳು, ಬಜೆಟ್ ದಾಖಲೆಗಳು, ಸಂಸತ್ತಿನ ಎರಡೂ ಸದನಗಳ ಹಣಕಾಸು ಸಮಿತಿಗಳ ವರದಿಗಳು. ಪ್ರತಿಯೊಂದು ದೊಡ್ಡ ತೆರಿಗೆ ಕಾನೂನಿಗೂ ಏನು ಉದ್ದೇಶ ಅಂತ ನೋಡಿ ನಾಲ್ಕು ಗುಂಪು ಮಾಡಿದರು. 1950ರಲ್ಲಿ ತೆರಿಗೆ ಏರಿದ್ದು ಕೊರಿಯಾ ಯುದ್ಧದ ಖರ್ಚಿಗೆ. 1975ರಲ್ಲಿ ತೆರಿಗೆ ವಾಪಸ್ ಕೊಟ್ಟಿದ್ದು ಆಗಿನ ಹಿಂಜರಿತಕ್ಕೆ. ಇವೆರಡು ಗುಂಪನ್ನೂ ಪಕ್ಕಕ್ಕಿಟ್ಟರು, ಯಾಕೆಂದರೆ ಇವು ಆಗಿನ ಆರ್ಥಿಕ ಪರಿಸ್ಥಿತಿಗೇ ಅಂಟಿಕೊಂಡಿವೆ. ಉಳಿದದ್ದು ಎರಡು. 1964ರ ಕೆನಡಿ-ಜಾನ್ಸನ್ ಕಡಿತದಂಥವು: ಆಗ ಹಿಂಜರಿತ ಇರಲಿಲ್ಲ, ಬೆಳವಣಿಗೆ ಇನ್ನೂ ವೇಗವಾಗಲಿ ಅಂತ ಮೇಲ್ಮಟ್ಟದ ದರವನ್ನು ಶೇ 91ರಿಂದ 70ಕ್ಕೆ ಇಳಿಸಿದರು. ಇನ್ನೊಂದು, 1993ರಲ್ಲಿ ಕ್ಲಿಂಟನ್ ಮಾಡಿದಂತೆ ಹಳೆಯ ಕೊರತೆ ತುಂಬಲು ಏರಿಸಿದ್ದು. ಈ ಎರಡರಿಂದಲೇ ಶೇ 3 ಬಂದಿದ್ದು. ಅದೂ ತಕ್ಷಣ ಅಲ್ಲ, ಎರಡೂವರೆ ವರ್ಷದ ಹೊತ್ತಿಗೆ. ಜಾಸ್ತಿ ಪೆಟ್ಟು ಬೀಳುವುದು ಹೂಡಿಕೆಗೆ.

ಈಗ ಆ ಕೊನೆಯ ಸಾಲಿನ ವಿಷಯ. ಕೊರತೆ ತುಂಬಲು ಏರಿಸಿದ ತೆರಿಗೆಯಿಂದ ಅಷ್ಟು ಹಾನಿ ಕಾಣುವುದಿಲ್ಲ ಅಂತ ಅದೇ ಪ್ರಬಂಧ ಹೇಳುತ್ತದೆ. ತೆರಿಗೆ ಇಳಿಸಿ ಸರ್ಕಾರದ ಕೈ ಕಟ್ಟಿದರೆ ಖರ್ಚು ತಾನಾಗಿಯೇ ಇಳಿಯುತ್ತದೆ ಅನ್ನುವ ವಾದವನ್ನೂ 2009ರಲ್ಲಿ ಇವರೇ ಪರೀಕ್ಷಿಸಿದರು. ಖರ್ಚು ಇಳಿದ ಸುಳಿವೇ ಸಿಗಲಿಲ್ಲ. ಮುಂದೆ ತೆರಿಗೆಯನ್ನೇ ಮತ್ತೆ ಏರಿಸಬೇಕಾಗಿ ಬಂದಿತ್ತು. ಶೇ 3 ಒಂದನ್ನೇ ಎತ್ತಿಕೊಂಡು ಉಳಿದದ್ದನ್ನು ಬಿಟ್ಟುಬಿಡುವುದು ಇಷ್ಟು ಶ್ರಮದ ಕೆಲಸಕ್ಕೆ ಮಾಡುವ ಅನ್ಯಾಯ.

ಸಹನಾ ಅವರೇ, 2009ರ ವರದಿಯ ಗುಣಕಗಳು ಅವರ ಸ್ವಂತ ಸಂಶೋಧನೆಯವಲ್ಲ. ಅಮೆರಿಕದ ಕೇಂದ್ರ ಬ್ಯಾಂಕಿನ ಮಾದರಿ ಮತ್ತು ಒಂದು ಖಾಸಗಿ ಮುನ್ಸೂಚನಾ ಸಂಸ್ಥೆಯ ಮಾದರಿ, ಎರಡರ ಸರಾಸರಿ. ಹಾಗಾಗಿ ಅಲ್ಲಿ ವಿರೋಧ ಹುಡುಕಬೇಕಾಗಿಲ್ಲ.

ಅಂಕಿಅಂಶ_ಪ್ರಿಯ:
ಕೊರತೆಯ ಭಾಗ ನಾನು ಗಮನಿಸಿರಲಿಲ್ಲ, ಓದುತ್ತೇನೆ. ಆದರೆ ಆ 2009ರ ವರದಿ ತಲೆಕೆಳಗಾಯಿತಲ್ಲ? ಆರ್ಥಿಕತೆಯನ್ನು ಮೇಲೆತ್ತಲು ಖರ್ಚು ಮತ್ತು ತೆರಿಗೆ ಕಡಿತದ ಪ್ಯಾಕೇಜ್ ಬಂದರೆ ನಿರುದ್ಯೋಗ ಶೇ 8ರ ಆಸುಪಾಸಿನಲ್ಲೇ ನಿಲ್ಲುತ್ತದೆ ಅಂದಿದ್ದರು. 787 ಶತಕೋಟಿ ಡಾಲರ್ ಪ್ಯಾಕೇಜ್ ಬಂದ ಮೇಲೂ ಅಕ್ಟೋಬರ್ ಹೊತ್ತಿಗೆ ಶೇ 10.

ತೆರಿಗೆ_ಕಡತ:
ನಿಜ, ಆ ಅಂದಾಜು ತಪ್ಪಿತು. ಆದರೆ ತಪ್ಪು ಎಲ್ಲಿತ್ತು ನೋಡಿ. ವರದಿ ಬರೆದಾಗ 2008ರ ಕೊನೆಯ ತ್ರೈಮಾಸಿಕದ ಅಂಕಿ ಇನ್ನೂ ಬಂದಿರಲಿಲ್ಲ. ಜನವರಿ ಕೊನೆಗೆ ಬಂದ ಮೊದಲ ಅಂದಾಜು, ವಾರ್ಷಿಕ ದರದಲ್ಲಿ ಶೇ 3.8 ಕುಸಿತ. 2011ರಲ್ಲಿ ಅದನ್ನೇ ಪರಿಷ್ಕರಿಸಿದಾಗ ಶೇ 8.9! ಹಳ್ಳ ಎಷ್ಟು ಆಳ ಅಂತಲೇ ಯಾರಿಗೂ ಗೊತ್ತಿರಲಿಲ್ಲ. ಪ್ಯಾಕೇಜ್ ಕೆಲಸ ಮಾಡಲಿಲ್ಲ ಅನ್ನುವುದಕ್ಕೆ ಅದು ಸಾಕ್ಷಿಯಾಗುವುದಿಲ್ಲ.

ಸೆಮಿನಾರಿನಲ್ಲಿ ಸಮಯ ಉಳಿದರೆ 2018ರ ಪ್ರಬಂಧವನ್ನೂ ಸೇರಿಸಿ. 24 ಮುಂದುವರಿದ ದೇಶಗಳಲ್ಲಿ ಬ್ಯಾಂಕ್ ಬಿಕ್ಕಟ್ಟಿನ ನಂತರ ಏನಾಯಿತು ಅಂತ ನೋಡಿದ್ದಾರೆ. ಸಾಲ ಕಡಿಮೆ ಇದ್ದು, ಬಡ್ಡಿ ಇಳಿಸಲೂ ಜಾಗ ಇದ್ದ ದೇಶಗಳಲ್ಲಿ ಜಿಡಿಪಿ ಕುಸಿತ ಶೇ 1ಕ್ಕಿಂತ ಕಡಿಮೆ. ಎರಡೂ ಇಲ್ಲದ ಕಡೆ ಸುಮಾರು ಶೇ 10. ನನಗೆ ಅವರ ಎಲ್ಲ ಕೆಲಸಗಳಲ್ಲಿ ಇದೇ ಹೆಚ್ಚು ಮುಖ್ಯ ಅನ್ನಿಸುತ್ತದೆ. ಒಳ್ಳೆಯ ದಿನಗಳಲ್ಲಿ ತೆರಿಗೆ ಸರಿಯಾಗಿ ವಸೂಲು ಮಾಡಿ ಸಾಲ ತಗ್ಗಿಸಿದ ಸರ್ಕಾರಕ್ಕೆ ಕೆಟ್ಟ ದಿನಗಳಲ್ಲಿ ಕೈಬಿಚ್ಚಿ ಖರ್ಚು ಮಾಡಲು ಆಗುತ್ತದೆ.

ಸಹನಾ_ಎಂಎ:
ತುಂಬಾ ಥ್ಯಾಂಕ್ಸ್. ಗೈಡ್ ಖಂಡಿತ ಭಾರತದ ಉದಾಹರಣೆ ಕೇಳುತ್ತಾರೆ. 2019ರ ಸೆಪ್ಟೆಂಬರ್‌ನ ಕಾರ್ಪೊರೇಟ್ ತೆರಿಗೆ ಕಡಿತವನ್ನು ಯಾವ ಗುಂಪಿಗೆ ಹಾಕಬಹುದು?

ತೆರಿಗೆ_ಕಡತ:
ಒಳ್ಳೆಯ ಉದಾಹರಣೆ, ಆದರೆ ಕಷ್ಟದ್ದು. ಶೇ 30ರಿಂದ 22ಕ್ಕೆ, ಹೊಸ ತಯಾರಿಕಾ ಕಂಪನಿಗಳಿಗೆ ಶೇ 15. ಸರ್ಕಾರ ಹೇಳಿದ ಕಾರಣ ಬೆಳವಣಿಗೆ ಮತ್ತು ಹೂಡಿಕೆ. ಅಷ್ಟನ್ನೇ ಓದಿದರೆ 1964ರ ಗುಂಪು. ಆದರೆ ಅದು ಬಂದಿದ್ದು ಬಜೆಟ್‌ನಲ್ಲಲ್ಲ, ನಡುವರ್ಷದ ಸುಗ್ರೀವಾಜ್ಞೆಯಲ್ಲಿ. ಏಪ್ರಿಲ್-ಜೂನ್ ಬೆಳವಣಿಗೆ ಶೇ 5ಕ್ಕೆ ಇಳಿದಿದೆ ಅಂತ ಪ್ರಕಟವಾಗಿ ಮೂರು ವಾರ ಆಗಿತ್ತಷ್ಟೇ. ನಾನಾದರೆ ಹಿಂಜರಿತಕ್ಕೆ ಮದ್ದು ಅನ್ನುವ ಗುಂಪಿಗೇ ಹಾಕುತ್ತೇನೆ, ಅಂದರೆ ಲೆಕ್ಕದಿಂದ ಹೊರಗೆ. ಆರು ತಿಂಗಳಲ್ಲಿ ಕೋವಿಡ್ ಬಂದಿದ್ದರಿಂದ ಪರಿಣಾಮ ಅಳೆಯುವುದಂತೂ ಇನ್ನೂ ಕಷ್ಟ. ಸುಗ್ರೀವಾಜ್ಞೆಯ ದಿನದ ಪತ್ರಿಕಾ ಹೇಳಿಕೆ, ಆಮೇಲೆ ಸಂಸತ್ತಿನಲ್ಲಿ ನಡೆದ ಚರ್ಚೆ, ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಗೈಡ್ ಒಪ್ಪದಿದ್ದರೆ ಅವರ ವಾದವನ್ನು ಇಲ್ಲಿ ಹಾಕಿ, ನನಗೂ ಕೇಳಬೇಕು.