ದಿನಾ ಓದುತ್ತಾಳೆ, ಆದರೂ ಮಾರ್ಕ್ಸ್ ಯಾಕೆ ಬರುತ್ತಿಲ್ಲ?

ಪಿಯು ಪೋಷಕರು:
ಮಗಳು ದ್ವಿತೀಯ ಪಿಯು ಸೈನ್ಸ್. ರಾತ್ರಿ ಹನ್ನೊಂದರ ತನಕ ಓದುತ್ತಾಳೆ, ಫಿಸಿಕ್ಸ್ ಪುಸ್ತಕದ ತುಂಬ ಹಳದಿ ಹೈಲೈಟರ್. ಕೇಳಿದರೆ ಎಲ್ಲ ಗೊತ್ತು ಅನ್ನುತ್ತಾಳೆ, ಟೆಸ್ಟಲ್ಲಿ ಡೆರಿವೇಶನ್ ಅರ್ಧಕ್ಕೇ ನಿಲ್ಲುತ್ತದೆ. ಇನ್ನೊಂದು ಟ್ಯೂಷನ್‌ಗೆ ಹಾಕಲಾ?

ಫಿಸಿಕ್ಸ್ ಮೇಷ್ಟ್ರು:
ಟ್ಯೂಷನ್ ಬೇಡ, ಮೊದಲು ಪುಸ್ತಕ ಮುಚ್ಚಿ ಬರೆಯಲು ಹೇಳಿ. ಅದೇ ಪುಟ ಮತ್ತೆ ಮತ್ತೆ ಓದಿದರೆ ಸಾಲುಗಳ ಪರಿಚಯ ಆಗುತ್ತದೆ, ಮಕ್ಕಳು ಅದನ್ನೇ ಕಲಿತೆ ಅಂದುಕೊಳ್ಳುತ್ತಾರೆ. ಅಮೆರಿಕದಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಓದಿ 5 ನಿಮಿಷಕ್ಕೆ ಕೇಳಿದಾಗ ಮತ್ತೆ ಓದಿದವರು ಮುಂದಿದ್ದರು, ಆದರೆ ಒಂದು ವಾರ ಬಿಟ್ಟು ಕೇಳಿದಾಗ ನೋಡದೆ ನೆನಪಿಸಿಕೊಂಡು ಬರೆದಿದ್ದವರೇ ಮುಂದೆ. ಬೋರ್ಡ್ ಪರೀಕ್ಷೆಗೆ ಬೇಕಾದ್ದು ಈ ಎರಡನೆಯದು.

ಬಿ.ಎಡ್ ಓದುತ್ತಿರುವವಳು:
ಮೇಷ್ಟ್ರು ಹೇಳಿದ್ದು ಸರಿ. ತನ್ನ ಕಲಿಕೆಯನ್ನು ತಾನೇ ನಡೆಸಿಕೊಳ್ಳುವ ಬಗ್ಗೆ ಮನಶ್ಶಾಸ್ತ್ರಜ್ಞ ಝಿಮ್ಮರ್‌ಮನ್ ಕೊಟ್ಟ ಮಾದರಿಯಲ್ಲಿ ಮೂರು ಹಂತ ಇವೆ: ಓದುವ ಮೊದಲು ಗುರಿ, ಓದುವಾಗ ತನ್ನ ಮೇಲೇ ನಿಗಾ, ಮುಗಿದ ಮೇಲೆ ಎಲ್ಲಿ ಎಡವಿದೆ ಅಂತ ನೋಡುವುದು. ನಮ್ಮಲ್ಲಿ ಟೈಮ್‌ಟೇಬಲ್ ಗೋಡೆಗೆ ಅಂಟಿಸುತ್ತಾರೆ, ಮೂರನೆಯದು ಮಾತ್ರ ಯಾರೂ ಮಾಡಲ್ಲ. ಟೆಸ್ಟ್ ಪೇಪರ್ ವಾಪಸ್ ಬಂದಾಗ ಹೋದ ಒಂದೊಂದು ಮಾರ್ಕಿನ ಪಕ್ಕ ಕಾರಣ ಬರೆಯಲಿ: ಗೊತ್ತಿರಲಿಲ್ಲ, ಮರೆತೆ, ಟೈಮ್ ಸಾಲಲಿಲ್ಲ. ಮೂರಕ್ಕೂ ಮದ್ದು ಬೇರೆ ಬೇರೆ, ಅಲ್ವಾ?

ಮೈಸೂರಿಂದ ಒಬ್ಬರು:
ಒಂದು ಮಾತು. ಬೇಸಿಕ್ಸ್ ಇಲ್ಲದಿದ್ದರೆ ಇದೂ ಜಾಸ್ತಿ ಕೆಲಸ ಮಾಡಲ್ಲ. ಡೆರಿವೇಶನ್ ನಿಲ್ಲುವುದು ಟ್ರಿಗ್ನಾಮೆಟ್ರಿ ಬರುವ ಜಾಗದಲ್ಲಾ, ನೋಡಿ.

ಪಿಯು ಪೋಷಕರು:
ಹೌದು, ಅಲ್ಲೇ! ಇವತ್ತೇ ಅವಳ ಜೊತೆ ಕೂತು ನೋಡುತ್ತೇನೆ.