ಮದುವೆಯಿಲ್ಲದೆ ಕೂಡಿ ಬಾಳಿದವರು ಬೇರಾದಾಗ ಮನೆ ಯಾರದು, ಹಣ ಯಾರದು?

ಪ್ರಶ್ನೆ (ಬೆಳಗಾವಿ):

ನಾವಿಬ್ಬರೂ ಮದುವೆಯಾಗದೆ ಟಿಳಕವಾಡಿಯಲ್ಲಿ ಆರು ವರ್ಷ ಸಂಸಾರ ನಡೆಸಿದೆವು. ಮೊದಲು ಬಾಡಿಗೆ ಮನೆಯಲ್ಲಿದ್ದು, ನಂತರ ಅವರೊಬ್ಬರ ಹೆಸರಿನಲ್ಲಿ ಫ್ಲ್ಯಾಟ್ ಕೊಂಡೆವು. ಸಾಲದ ಕಂತಿನ ಅರ್ಧ ಹಣವನ್ನು ನಾನು ಪ್ರತಿ ತಿಂಗಳು ಅವರ ಖಾತೆಗೆ ಹಾಕುತ್ತಾ ಬಂದಿದ್ದೇನೆ. ಅವರ ಮೊದಲ ಮದುವೆ ನಾವು ಕೂಡುವ ಮುಂಚೆಯೇ ಹಿರಿಯರ ಸಮಕ್ಷಮ ಮುರಿದಿತ್ತು. ಈಗ ಮನೆ ಬಿಟ್ಟು ಜಮಖಂಡಿಗೆ, ನನ್ನ ತವರಿಗೆ, ಹೋಗೆನ್ನುತ್ತಿದ್ದಾರೆ. ಫ್ಲ್ಯಾಟಿನಲ್ಲಿ ನನಗೆ ಪಾಲಿದೆಯೇ? ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ (ಬಾಗಲಕೋಟೆ):

ತಂಗಿ, ನಾನು ವಕೀಲನಲ್ಲ. ಖರೀದಿ ಪತ್ರ, ಹಕ್ಕು ಬಿಡುಗಡೆ ಪತ್ರಗಳನ್ನು ಬರೆದುಕೊಡುವುದು ನನ್ನ ಕಸುಬು. ಖರೀದಿ ಪತ್ರದಲ್ಲಿ ಹೆಸರಿಲ್ಲದವರಿಗೆ, ಎಷ್ಟೇ ವರ್ಷ ಕೂಡಿ ಬಾಳಿದ್ದರೂ, ಅಷ್ಟರಿಂದಲೇ ಆಸ್ತಿಯಲ್ಲಿ ಪಾಲು ಹುಟ್ಟುವುದಿಲ್ಲ. ಇದು ಎಲ್ಲರೂ ಹೇಳುವ ಮಾತು; ಹೆಚ್ಚಿನವರು ಗಮನಿಸದ ತೊಡಕು ಬೇರೆಯಿದೆ. ‘ಹೆಸರು ಅವರದಾದರೂ ಹಣ ನನ್ನದು, ಆದ್ದರಿಂದ ಮನೆಯಲ್ಲಿ ನನ್ನ ಒಡೆತನವಿದೆ’ ಎಂದು ದಾವೆ ಹೂಡಿದರೆ ಒಬ್ಬರ ಹಣದಿಂದ ಇನ್ನೊಬ್ಬರ ಹೆಸರಿನಲ್ಲಿ ಆಸ್ತಿ ಕೊಳ್ಳುವುದನ್ನು ತಡೆಯುವ 1988ರ ಬೇನಾಮಿ ಕಾಯ್ದೆಯ 4ನೇ ಕಲಮು ಅಡ್ಡ ಬರುತ್ತದೆ. ಗಂಡ ಅಥವಾ ಹೆಂಡತಿ ತಮ್ಮ ಸ್ವಂತ ಗಳಿಕೆಯಿಂದ ಇನ್ನೊಬ್ಬರ ಹೆಸರಿನಲ್ಲಿ ಕೊಂಡದ್ದಕ್ಕೆ ಆ ಕಾಯ್ದೆ ವಿನಾಯಿತಿ ಕೊಡುತ್ತದೆ. ಮದುವೆಯಾಗದ ಸಂಗಾತಿಗೆ ಆ ವಿನಾಯಿತಿ ಇಲ್ಲ.

ಆದ ಕಾರಣ ಮನೆಯನ್ನು ಕೇಳುವುದಕ್ಕಿಂತ ಕೊಟ್ಟ ಹಣವನ್ನು ಕೇಳುವುದೇ ಲೇಸೆಂದು ನನಗೆ ಪರಿಚಯದ ವಕೀಲರು ಹೇಳುತ್ತಾರೆ. ಅದಕ್ಕೂ ಗಡುವಿದೆ. ಕೈಸಾಲದ ಹಣಕ್ಕೆ, ಅಥವಾ ಇನ್ನೊಬ್ಬರ ಪರವಾಗಿ ಕಟ್ಟಿದ ಹಣಕ್ಕೆ, ಸಾಮಾನ್ಯವಾಗಿ ಕೊಟ್ಟ ದಿನದಿಂದ 3 ವರ್ಷದೊಳಗೆ ದಾವೆ ಹೂಡಬೇಕು. ತಿಂಗಳಿಗೊಮ್ಮೆ ಹಾಕಿದ ಮೊತ್ತಗಳಿಗೆ ಒಂದೊಂದಕ್ಕೂ ಬೇರೆ ಲೆಕ್ಕ ಹಿಡಿದರೆ, ನೀವು ತಡಮಾಡಿದಂತೆಲ್ಲ ಹಳೆಯ ಮೊತ್ತಗಳು ಕೈಬಿಟ್ಟು ಹೋಗುತ್ತವೆ. ಅವಧಿ ಮುಗಿಯುವ ಮೊದಲೇ ಅವರು ಬಾಕಿಯನ್ನು ಒಪ್ಪಿ ಸಹಿ ಮಾಡಿಕೊಟ್ಟರೆ ಅಲ್ಲಿಂದ ಹೊಸದಾಗಿ 3 ವರ್ಷ ಸಿಗುತ್ತದೆ. ನೀವು ತಿಂಗಳು ತಿಂಗಳು ಹಾಕಿದ್ದು ಕಿರಾಣಿಗೆ, ಕರೆಂಟ್ ಬಿಲ್ಲಿಗೆ ಕೊಟ್ಟ ಹಣವೆಂದು ಅವರು ವಾದಿಸಿಯೇ ವಾದಿಸುತ್ತಾರೆ. ಆದ್ದರಿಂದ ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ, ನೀವು ಹಣ ಹಾಕಿದ ತಾರೀಖು ಕಂತು ಕಡಿತವಾದ ತಾರೀಖಿಗೆ ಹೊಂದುತ್ತದೆಯೇ ಎಂದು ನೋಡಿಟ್ಟುಕೊಳ್ಳಿರಿ.

ಉತ್ತರ (ಬೆಳಗಾವಿ):

ಒಡೆತನದ ಮಾತು ಮೇಲಿನವರು ಹೇಳಿದಂತೆಯೇ. ಆದರೆ ನಾಳೆಯೇ ಬೀದಿಗೆ ಬೀಳಬೇಕೆಂದೇನೂ ಇಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯು ‘ಮದುವೆಯ ಸ್ವರೂಪದ ಸಂಬಂಧ’ದಲ್ಲಿದ್ದ ಹೆಣ್ಣಿಗೂ ಅನ್ವಯಿಸುತ್ತದೆ. ಕೂಡಿ ಬಾಳಿದ ಮನೆ ಯಾರ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕನ್ನು 17ನೇ ಕಲಮು ಕೊಡುತ್ತದೆ; ಹೊರಹಾಕದಂತೆ ಆದೇಶಿಸುವ ಅಧಿಕಾರವನ್ನು 19ನೇ ಕಲಮು ಮ್ಯಾಜಿಸ್ಟ್ರೇಟರಿಗೆ ಕೊಡುತ್ತದೆ. ನಿಮ್ಮ ಒಡವೆ, ಸಾಮಾನುಗಳನ್ನು ಮರಳಿಸುವಂತೆಯೂ ಅವರು ಆದೇಶಿಸಬಹುದು. ಇದು ವಾಸಕ್ಕೆ ಸಿಗುವ ರಕ್ಷಣೆಯೇ ಹೊರತು ಒಡೆತನವಲ್ಲ.

ಎಂಥ ಸಂಬಂಧಕ್ಕೆ ಈ ರಕ್ಷಣೆ ಎಂಬುದನ್ನು ಸುಪ್ರೀಂ ಕೋರ್ಟ್ 2010ರಲ್ಲಿ ವೇಲುಸ್ವಾಮಿ ಪ್ರಕರಣದಲ್ಲಿ ಹೇಳಿದೆ: ಇಬ್ಬರೂ ಮದುವೆಯ ವಯಸ್ಸಿನವರಾಗಿ, ಮದುವೆಯಾಗಲು ಅರ್ಹರಾಗಿ, ನಾಲ್ಕು ಜನರೆದುರು ಗಂಡಹೆಂಡಿರಂತೆ, ಸ್ವಇಚ್ಛೆಯಿಂದ, ಸಾಕಷ್ಟು ಕಾಲ ಬಾಳಿರಬೇಕು. ನನ್ನ ತಂಗಿಯ ವಿಷಯದಲ್ಲಿ ಎದುರಿನವರು ಆಕೆಯನ್ನು ಪೇಯಿಂಗ್ ಗೆಸ್ಟ್ ಎಂದೇ ಬರೆದುಕೊಟ್ಟಿದ್ದರು. ಇಬ್ಬರ ಹೆಸರೂ ಇದ್ದ ಬಾಡಿಗೆ ಕರಾರು ಮತ್ತು ಆಕೆಯ ಆಪರೇಶನ್ನಿಗೆ ಆತ ಪತಿಯೆಂದು ಸಹಿ ಹಾಕಿದ್ದ ಆಸ್ಪತ್ರೆಯ ಫಾರ್ಮ್ ಆಗ ಆಕೆಯ ನೆರವಿಗೆ ಬಂದವು. ದಿನವೂ ಮಾತನಾಡಿಸುತ್ತಿದ್ದ ನೆರೆಹೊರೆಯವರು ಮಾತ್ರ ಸಾಕ್ಷಿ ಎಂದ ಕೂಡಲೇ ಹಿಂದೆ ಸರಿದರು.

ನೀವು ತವರಿಗೆ ಹೋದರೂ ಅರ್ಜಿಗೆ ತೊಂದರೆಯಿಲ್ಲ. ತಾತ್ಕಾಲಿಕವಾಗಿ ನೆಲೆಸಿರುವ ಊರಿನ ನ್ಯಾಯಾಲಯದಲ್ಲಿಯೂ, ಅಂದರೆ ಜಮಖಂಡಿಯಲ್ಲಿಯೂ, ಸಲ್ಲಿಸಬಹುದು. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು ಈ ಕಾಯ್ದೆಯಡಿ ಸಂರಕ್ಷಣಾಧಿಕಾರಿಗಳಾಗಿಯೂ ಕೆಲಸ ಮಾಡುತ್ತಾರೆ. ಅರ್ಜಿಗೆ ಅವರ ನೆರವು ಕೇಳಿರಿ. ಕಾನೂನು ಸೇವಾ ಪ್ರಾಧಿಕಾರವು ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಒದಗಿಸುತ್ತದೆ.

ಉತ್ತರ (ವಿಜಯಪುರ):

ನನ್ನದು ಬೇರೆ ಬಗೆ. ನಮ್ಮ ಮನೆ ಇಬ್ಬರ ಹೆಸರಿನಲ್ಲಿಯೂ ಇತ್ತು. ಹಾಗಿದ್ದಾಗ ಪಾಲು ಕೇಳಬಹುದು, ಯಾರು ಎಷ್ಟು ಹಾಕಿದರೆಂಬುದಕ್ಕೆ ದಾಖಲೆ ಇಲ್ಲದಿದ್ದರೆ ಸಮಪಾಲೆಂದೇ ಹಿಡಿಯುತ್ತಾರೆ. ಬೇರಾದೆವೆಂದು ಬ್ಯಾಂಕು ಮಾತ್ರ ಸಾಲದಿಂದ ಯಾರ ಹೆಸರನ್ನೂ ತೆಗೆಯಲಿಲ್ಲ.

ನಾನು ಬರೆಯಲು ಕಾರಣ ನಿಮ್ಮ ಪ್ರಶ್ನೆಯ ಒಂದು ಸಾಲು. ಅವರ ಮೊದಲ ಮದುವೆ ಹಿರಿಯರ ಸಮಕ್ಷಮ ಮುರಿದಿತ್ತೆಂದಿದ್ದೀರಿ. ಅದು ಕೋರ್ಟಿನ ಡಿಕ್ರಿಯೋ, ಹಿರಿಯರೆದುರು ಬರೆದ ಬರೀ ಸೋಡಚೀಟಿಯೋ (ಬಿಡುಗಡೆ ಪತ್ರವೋ)? ರೂಢಿಯ ಪ್ರಕಾರದ ವಿಚ್ಛೇದನವನ್ನು ಹಿಂದೂ ವಿವಾಹ ಕಾಯ್ದೆಯ 29ನೇ ಕಲಮು ಉಳಿಸಿದೆಯಾದರೂ, ತಮ್ಮ ಸಮುದಾಯದಲ್ಲಿ ಅಂಥ ರೂಢಿ ಹಿಂದಿನಿಂದ ನಡೆದು ಬಂದಿದೆಯೆಂದು ಕೋರ್ಟಿನಲ್ಲಿ ತೋರಿಸಬೇಕಾಗುತ್ತದೆ. ತೋರಿಸಲಾಗದಿದ್ದರೆ ಅವರು ಇನ್ನೂ ಮದುವೆಯಾದವರೇ. ಆಗ 2013ರ ಇಂದ್ರಾ ಶರ್ಮಾ ತೀರ್ಪನ್ನು ನಿಮಗೆ ಎದುರಾಗಿ ಹಿಡಿಯುತ್ತಾರೆ. ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಆ ಪ್ರಕರಣದಲ್ಲಿ, ಆತ ವಿವಾಹಿತನೆಂದು ತಿಳಿದೂ ಕೂಡಿ ಬಾಳಿದ ಮಹಿಳೆಗೆ 2005ರ ಕಾಯ್ದೆಯ ರಕ್ಷಣೆ ಸಿಗಲಿಲ್ಲ. ತಿಳಿಯದೆ ಕೂಡಿದವರ ವಿಷಯ ಬೇರೆಯಾಗಬಹುದೆಂದು ಅದೇ ತೀರ್ಪಿನಲ್ಲಿದೆ. ಆ ಮದುವೆ ಮುಗಿದಿದೆಯೆಂದು ಅವರೇ ನಿಮಗೆ ಬರೆದ ಕಾಗದವೋ ಮೆಸೇಜೋ ಇದ್ದರೆ ಅಳಿಸದೆ ಇಟ್ಟುಕೊಳ್ಳಿ.

ಇನ್ನು ನಿಮ್ಮಿಬ್ಬರದೇ ಹಿರಿಯರ ಮುಂದೆ ಸಮುದಾಯದ ಪದ್ಧತಿಯಂತೆ ಉಡಕಿ (ರೂಢಿಯ ಮರುಮದುವೆ) ಆಗಿದ್ದರೆ ಇಡೀ ಲೆಕ್ಕವೇ ಬದಲಾಗುತ್ತದೆ. ರೂಢಿಯ ವಿಧಿಯಂತೆ ನಡೆದ ಮದುವೆಯನ್ನು ಹಿಂದೂ ವಿವಾಹ ಕಾಯ್ದೆಯ 7ನೇ ಕಲಮು ಒಪ್ಪುತ್ತದೆ. ಹಾಗಿದ್ದು, ಅವರ ಮೊದಲ ಮದುವೆಯೂ ಕಾನೂನಿನಂತೆ ಮುಗಿದಿದ್ದರೆ ನೀವು ಹೆಂಡತಿ, ಜೀವನಾಂಶವನ್ನೂ ಕೇಳಬಹುದು. ವಕೀಲರಿಗೆ ಮೊದಲು ಇವೆರಡನ್ನು ತಿಳಿಸಿರಿ, ಫ್ಲ್ಯಾಟಿನ ಮಾತು ಆಮೇಲೆ.